ಮೆಟ್ಟಿಲು ಹತ್ತಿಸಬಲ್ಲಷ್ಟು ಹಗುರ: ನಗರದ ಓಡಾಟಕ್ಕೆ ಎಲೆಕ್ಟ್ರಿಕ್ ಸೈಕಲ್ ಆರಿಸುವುದು ಹೇಗೆ

ನಮ್ಮ ಮನೆ ಬೆಂಗಳೂರಿನ ಹನುಮಂತನಗರದಲ್ಲಿ, ಎರಡನೇ ಮಹಡಿ. ಲಿಫ್ಟ್ ಇಲ್ಲ. ಮೂವತ್ತೆರಡು ಮೆಟ್ಟಿಲು, ನಡುವಿನ ತಿರುವಿನಲ್ಲಿ ಸೈಕಲ್ಲಿನ ಮುಂದಿನ ಚಕ್ರ ಮೇಲೆತ್ತಿ ನಿಲ್ಲಿಸದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ನಾನು ಮೊದಲು ಕೊಂಡ ಎಲೆಕ್ಟ್ರಿಕ್ ಸೈಕಲ್ 26 ಕೆ.ಜಿ. ತೂಗುತ್ತಿತ್ತು. ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡಿಸಿ ನೋಡಿದಾಗ ತೂಕ ಗೊತ್ತೇ ಆಗಿರಲಿಲ್ಲ, ಮೋಟರ್ ಎಳೆದುಕೊಂಡು ಹೋಗಿತ್ತು. ಮೆಟ್ಟಿಲ ಮೇಲೆ ಮೋಟರ್ ನೆರವಿಗೆ ಬರುವುದಿಲ್ಲವಲ್ಲ. ಎರಡು ವಾರ ಹೊತ್ತೆ. ಆಮೇಲೆ ಕೆಳಗೆ ಸಂಪಿನ ಪಕ್ಕ ನಿಲ್ಲಿಸತೊಡಗಿದೆ. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಬ್ಯಾಟರಿ ಬಿಚ್ಚಿ ಮೇಲೆ ತರುವ ವ್ಯವಸ್ಥೆಯೂ ಇರಲಿಲ್ಲ. ನಾಲ್ಕು ತಿಂಗಳಲ್ಲಿ ಮಾರಿದೆ.

ಈಗಿನದು 16.6 ಕೆ.ಜಿ. ಇದು ಅಂಗಡಿಯಿಂದ ಹಾಗೆಯೇ ಬಂದದ್ದಲ್ಲ. 11.8 ಕೆ.ಜಿ.ಯ ಅಲ್ಯೂಮಿನಿಯಂ ಸೈಕಲ್ಲಿಗೆ ಹಿಂದಿನ ಚಕ್ರದ ಮೋಟರ್, ಸಣ್ಣ ಬ್ಯಾಟರಿ ಮತ್ತು ಮೋಟರಿಗೆ ಕರೆಂಟ್ ಹದವಾಗಿ ಕೊಡುವ ಕಂಟ್ರೋಲರ್ ಪೆಟ್ಟಿಗೆ ಹಾಕಿಸಿಕೊಂಡದ್ದು. ಮೂರು ವರ್ಷದಿಂದ ದಿನವೂ ಕೆಲಸಕ್ಕೆ ಇದರಲ್ಲೇ ಹೋಗುತ್ತೇನೆ. ಎರಡರಲ್ಲೂ ಮೋಟರ್ 250 ವ್ಯಾಟಿನದೇ. ಒಂದು ಮೂಲೆ ಸೇರಿದ್ದಕ್ಕೂ ಇನ್ನೊಂದು ದಿನಾ ರಸ್ತೆಗಿಳಿಯುವುದಕ್ಕೂ ಕಾರಣ ಸುಮಾರು ಹತ್ತು ಕೆ.ಜಿ.ಯ ಆ ವ್ಯತ್ಯಾಸ. ಹೊಸದಾಗಿ ಕೊಳ್ಳುವವರು, ಇರುವ ಸೈಕಲ್ಲಿಗೆ ಇಂಥ ಮೋಟರ್ ಕಿಟ್ ಹಾಕಿಸುವವರು ಇಬ್ಬರಿಗೂ ಉಪಯೋಗವಾಗಲೆಂದು ನಾನು ಕಲಿತದ್ದನ್ನು ಕ್ರಮವಾಗಿ ಬರೆದಿದ್ದೇನೆ.

ಹೊಸ ಆವಿಷ್ಕಾರ ಎಂದು ಹೆದರುವವರಿಗೆ ಮೊದಲೇ ಒಂದು ಮಾತು. ಹಿಂದಿನ ಚಕ್ರದ ನಡುವೆ ಮೋಟರ್, ಫ್ರೇಮಿನ ನಡುವೆ ಬ್ಯಾಟರಿ ಎಂಬ ವಿನ್ಯಾಸಕ್ಕೆ ಅಮೆರಿಕದ ಆಗ್ಡೆನ್ ಬೋಲ್ಟನ್ 1895ರಲ್ಲೇ ಪೇಟೆಂಟ್ ಪಡೆದಿದ್ದ. ತುಳಿದಾಗ ಮಾತ್ರ ಮೋಟರ್ ಕೈಜೋಡಿಸುವ ಸೈಕಲ್ಲನ್ನು ಜಪಾನಿನ ಯಮಹಾ 1993ರಲ್ಲಿ ಮಾರುಕಟ್ಟೆಗೆ ತಂದಿತು. ಮೂಲ ಯೋಚನೆ ಅಂದಿನದೇ. ಇಳಿದಿರುವುದು ತೂಕ.

ಹೆಜ್ಜೆ 1: ಅಂಗಡಿಗೆ ಹೋಗುವ ಮುನ್ನ ನಿಮ್ಮ ದಾರಿ ಅಳೆಯಿರಿ

ಒಂದು ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಹೋಗಿ ಬರುವ ದೂರ ಎಷ್ಟು, ದಾರಿಯಲ್ಲಿ ಸಿಗ್ನಲ್ ಎಷ್ಟು, ಏರು ಎಲ್ಲೆಲ್ಲಿ, ರಾತ್ರಿ ಸೈಕಲ್ ಎಲ್ಲಿ ನಿಲ್ಲುತ್ತದೆ. ಕೊನೆಯದನ್ನು ಯಾರೂ ಬರೆಯುವುದಿಲ್ಲ. ತೂಕದ ಪ್ರಶ್ನೆ ತೀರ್ಮಾನವಾಗುವುದು ಅದರಲ್ಲೇ.

ಎಷ್ಟು ಶಕ್ತಿಯ ಮೋಟರ್ ಬೇಕು ಎಂಬುದಕ್ಕೆ ಸಣ್ಣ ಲೆಕ್ಕ ಮಾಡೋಣ. ನೀವು, ಸೈಕಲ್ಲು, ಬ್ಯಾಗು ಸೇರಿ 95 ಕೆ.ಜಿ. ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಐದು ಮೀಟರ್ ಏರುವ ದಿಬ್ಬದಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 240 ವ್ಯಾಟ್ ಬೇಕು. ಅಭ್ಯಾಸವಿಲ್ಲದವರು ಏದುಸಿರು ಬಿಡದೆ ತುಳಿಯಬಲ್ಲದ್ದು 75ರಿಂದ 100 ವ್ಯಾಟ್. ಅಂದರೆ ಮೋಟರಿನ ಪಾಲು 140–165 ವ್ಯಾಟ್. 250 ವ್ಯಾಟಿನ ಮೋಟರ್ ಇದಕ್ಕೆ ಧಾರಾಳ ಸಾಕು.

ಊರೊಳಗೆ ನಿಜವಾಗಿ ಸುಸ್ತು ಮಾಡುವುದು ಏರಲ್ಲ, ಸಿಗ್ನಲ್ಲು. ಅದೇ 95 ಕೆ.ಜಿ.ಯನ್ನು ನಿಂತಲ್ಲಿಂದ ಐದು ಸೆಕೆಂಡಿನಲ್ಲಿ 20 ಕಿ.ಮೀ. ವೇಗಕ್ಕೆ ತರಲು ಸರಾಸರಿ 290 ವ್ಯಾಟ್ ಬೇಕಾಗುತ್ತದೆ. ಒಂದು ಸಲ ಸರಿ, ಹದಿನೈದು ಸಿಗ್ನಲ್ಲಿನಲ್ಲಿ ಹದಿನೈದು ಸಲ ಮಾಡಿದರೆ ಮಂಡಿ ಮಾತಾಡುತ್ತದೆ. ಆ ಐದು ಸೆಕೆಂಡಿನ ನೂಕು ಮೋಟರ್ ಕೊಟ್ಟರೆ ಉಳಿದ ದಾರಿ ಮಾಮೂಲು ಸೈಕಲ್ ಸವಾರಿಯೇ. ಹಗುರ ಸೈಕಲ್ಲಿಗೆ ಸಣ್ಣ ಬ್ಯಾಟರಿ ಸಾಲುವುದು ಇದರಿಂದಾಗಿ.

ದಾವಣಗೆರೆಯಂಥ ಸಮತಟ್ಟಿನ ಊರಿನವರಿಗೆ ಗೇರ್ ಇಲ್ಲದ ಸೈಕಲ್ ಸಾಕಾದೀತು. ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆ, ಕದ್ರಿ ಕಡೆ ದಿನವೂ ಓಡಾಡುವವರಿಗೆ ಗೇರ್ ಬೇಕೇ ಬೇಕು.

ಹೆಜ್ಜೆ 2: ಓಡಿಸುವ ಮುಂಚೆ ಎತ್ತಿ ನೋಡಿ

ಅಂಗಡಿಯವರು ಕೀ ಕೈಗಿಡುತ್ತಾರೆ. ತೆಗೆದುಕೊಳ್ಳಬೇಡಿ. ಮೊದಲು ಸೈಕಲ್ಲಿನ ಅಡ್ಡಪೈಪು ಹಿಡಿದು ಎತ್ತಿ, ಹೆಗಲಿಗಿಟ್ಟು ಹತ್ತು ಹೆಜ್ಜೆ ನಡೆಯಿರಿ. ಸಾಮಾನು ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ ಒಯ್ಯಿರಿ. ಕರಪತ್ರದಲ್ಲಿ ಬರೆದ ತೂಕದಲ್ಲಿ ಕೆಲವೊಮ್ಮೆ ಬ್ಯಾಟರಿ, ಸ್ಟ್ಯಾಂಡ್, ಮಡ್‌ಗಾರ್ಡ್ ಸೇರಿರುವುದಿಲ್ಲ. 18 ಕೆ.ಜಿ. ಒಳಗಿದ್ದರೆ ಮೆಟ್ಟಿಲ ಮನೆಯವರಿಗೂ ನಡೆಯುತ್ತದೆ. 22 ದಾಟಿದರೆ ನೆಲಮಹಡಿ ಬೇಕು, ಇಲ್ಲವೇ ಲಿಫ್ಟ್ ಬೇಕು.

ತೂಕ ಅಡಗಿರುವ ಜಾಗಗಳು ಇವು. ಗುಂಡಿಯ ಹೊಡೆತ ತಡೆಯಲು ಸ್ಪ್ರಿಂಗ್ ಇರುವ ಮುಂದಿನ ಸಸ್ಪೆನ್ಷನ್ ಫೋರ್ಕ್ ಮೊದಲನೆಯದು: ಅಗ್ಗದ್ದಾದರೆ ಎರಡೂವರೆ ಕೆ.ಜಿ.ವರೆಗೂ ಇರುತ್ತದೆ, ನೇರ ಫೋರ್ಕ್ ಅದರ ಅರ್ಧ. ಆಮೇಲೆ ದಪ್ಪ ಉಕ್ಕಿನ ಫ್ರೇಮ್, ಬೇಕಾದ್ದಕ್ಕಿಂತ ದೊಡ್ಡ ಬ್ಯಾಟರಿ, ಮೋಟರ್‌ಸೈಕಲ್ಲಿನಂತೆ ಕಾಣಲೆಂದೇ ಹಾಕಿದ ಅಗಲ ಟಯರ್. ಇವು ಫೋಟೊದಲ್ಲಿ ಗಟ್ಟಿಮುಟ್ಟಾಗಿ ಕಾಣುತ್ತವೆ. ಹೊರುವಾಗ ಮಾತ್ರ ಒಂದೊಂದೂ ತನ್ನ ಲೆಕ್ಕ ಹೇಳುತ್ತದೆ.

ಯುರೋಪಿನಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರಿದ್ದಾರೆ. ಮಾಹ್ಲೆ ಕಂಪನಿಯ ಎಕ್ಸ್35 ವ್ಯವಸ್ಥೆಯಲ್ಲಿ ಮೋಟರ್, ಬ್ಯಾಟರಿ, ವೈರು ಎಲ್ಲ ಸೇರಿ ಸುಮಾರು 3.5 ಕೆ.ಜಿ. ಮಾತ್ರ. ಬ್ಯಾಟರಿ ಕೆಳಗಿನ ಪೈಪಿನೊಳಗೆ ಅಡಗಿರುತ್ತದೆ, ಮೋಟರ್ ಹಿಂದಿನ ಚಕ್ರದ ನಡುಭಾಗದಲ್ಲಿ, ಅಂದರೆ ಹಬ್ಬಿನಲ್ಲಿ. ನೋಡಿದವರಿಗೆ ಅದು ಬರೀ ಸೈಕಲ್. ಎಸ್ಟೋನಿಯಾದ ಆಂಪ್ಲರ್, ಬೆಲ್ಜಿಯಂನ ಕೌಬಾಯ್ ಸೈಕಲ್ಲುಗಳೂ ಇದೇ ರೀತಿ ಅಚ್ಚುಕಟ್ಟು. ಅವುಗಳ ಚೆಲುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಪೈಪಿನೊಳಗೆ ಕೂತ ಬ್ಯಾಟರಿಯನ್ನು ದಿನಾ ಹೊರತೆಗೆಯಲು ಆಗದಿದ್ದರೆ ಇಡೀ ಸೈಕಲ್ಲನ್ನೇ ಪ್ಲಗ್ಗಿನ ಹತ್ತಿರ ಒಯ್ಯಬೇಕು. ನಮ್ಮಂಥ ಬಾಡಿಗೆ ಮನೆಯವರಿಗೆ ಬಿಚ್ಚುವ ಬ್ಯಾಟರಿಯೇ ಮೇಲು, ಸ್ವಲ್ಪ ಚಂದ ಕಡಿಮೆಯಾದರೂ.

ಹೆಜ್ಜೆ 3: ಸ್ವಿಚ್ ಆಫ್ ಮಾಡಿ ಎರಡು ಕಿಲೋಮೀಟರ್ ತುಳಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ವಿಚ್ ಆರಿಸಿ ತುಳಿದಾಗಲೂ ಸವಾರಿ ಹಿತವಾಗಿದ್ದರೆ ಅದು ಒಳ್ಳೆಯ ಸೈಕಲ್. ಇಲ್ಲದಿದ್ದರೆ ಅದು ಪೆಡಲ್ ಜೋಡಿಸಿದ ದುರ್ಬಲ ಸ್ಕೂಟರ್. ಸಂಜೆ ಮಳೆಯಲ್ಲಿ, ಆಫೀಸಿನಿಂದ ಹೊರಟು ನಾಲ್ಕು ಕಿ.ಮೀ. ಬಂದ ಮೇಲೆ ಚಾರ್ಜ್ ಮುಗಿದರೆ ಉಳಿದ ದಾರಿ ತುಳಿಯಬೇಕಾದದ್ದು ನೀವೇ.

ಇಲ್ಲಿ ಮೋಟರಿನ ಜಾತಿ ಮುಖ್ಯ. ಹಬ್ ಮೋಟರುಗಳಲ್ಲಿ ಎರಡು ಬಗೆ. ಒಳಗೆ ಹಲ್ಲಿನ ಗಾಲಿಗಳಿರುವ ಗೇರ್ ಹಬ್ ಚಿಕ್ಕದು, ಹಗುರ. ಸ್ವಿಚ್ ಆರಿಸಿದರೆ ಒಳಗಿನ ಕ್ಲಚ್ ಬಿಟ್ಟುಕೊಂಡು ಚಕ್ರ ಸಲೀಸಾಗಿ ತಿರುಗುತ್ತದೆ. ಗೇರ್ ಇಲ್ಲದ ನೇರ ಹಬ್ಬಿನಲ್ಲಿ ಅಯಸ್ಕಾಂತದ ಎಳೆತ ಸದಾ ಇರುತ್ತದೆ, ತೂಕವೂ ಹೆಚ್ಚು. ಪರೀಕ್ಷೆ ಸುಲಭ: ಹಿಂದಿನ ಚಕ್ರ ಎತ್ತಿ ಕೈಯಿಂದ ಮುಂದಕ್ಕೆ ತಿರುಗಿಸಿ. ಬಹಳ ಹೊತ್ತು ತಿರುಗಿದರೆ ಗೇರ್ ಹಬ್, ಬೇಗ ನಿಂತರೆ ನೇರ ಹಬ್. ಪೆಡಲಿನ ಹತ್ತಿರ ಕೂರುವ ಮಿಡ್ ಮೋಟರ್ ಏರಿಗೆ ಬಲು ಒಳ್ಳೆಯದು, ಆದರೆ ಬೆಲೆ ಹೆಚ್ಚು, ಚೈನ್ ಬೇಗ ಸವೆಯುತ್ತದೆ. ಊರೊಳಗಿನ ಸರಳ ಸೈಕಲ್ಲಿಗೆ ಗೇರ್ ಹಬ್ ಸಾಕು.

ಹೆಜ್ಜೆ 4: ಮೋಟರ್ ಯಾವಾಗ ಕೈಜೋಡಿಸುತ್ತದೆ ನೋಡಿ

ಈಗ ಸ್ವಿಚ್ ಹಾಕಿ. ನೀವು ತುಳಿಯುತ್ತಿರುವುದು ಮೋಟರಿಗೆ ಎರಡು ರೀತಿಯಲ್ಲಿ ತಿಳಿಯುತ್ತದೆ. ಅಗ್ಗದ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚಿನ ಬಳಿ ಅಯಸ್ಕಾಂತದ ಬಿಲ್ಲೆ ಇರುತ್ತದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ಗೊತ್ತು. ಇನ್ನೊಂದು ಟಾರ್ಕ್ ಸೆನ್ಸರ್; ನೀವು ಎಷ್ಟು ಬಲ ಹಾಕುತ್ತಿದ್ದೀರಿ ಎಂಬುದನ್ನೇ ಅಳೆದು ಅದಕ್ಕೆ ತಕ್ಕಷ್ಟು ಸೇರಿಸುತ್ತದೆ.

ವ್ಯತ್ಯಾಸ ಗೊತ್ತಾಗುವುದು ಇಕ್ಕಟ್ಟಿನಲ್ಲಿ. ರಾಮಕೃಷ್ಣಾಶ್ರಮದ ಸರ್ಕಲ್ಲಿನಲ್ಲಿ ಆಟೊ ಹಿಂದೆ ಒಂದಡಿ ಬಿಟ್ಟು ನಿಂತಿದ್ದೀರಿ, ಸಿಗ್ನಲ್ ಬಿಟ್ಟಿತು, ಮೆಲ್ಲಗೆ ಪೆಡಲ್ ಒತ್ತಿದಿರಿ. ಬಿಲ್ಲೆಯ ಸೈಕಲ್ ಮೊದಲು ಸುಮ್ಮನಿದ್ದು, ಅರ್ಧ ಸುತ್ತು ತಿರುಗಿದ ಮೇಲೆ ಒಮ್ಮೆಲೇ ಮುಂದಕ್ಕೆ ಚಿಮ್ಮುತ್ತದೆ. ಆಗ ಕೈ ತಾನಾಗಿ ಬ್ರೇಕಿಗೆ ಹೋಗುತ್ತದೆ. ಟಾರ್ಕ್ ಸೆನ್ಸರಿನದು ಕಾಲಿನ ಜೊತೆಯಲ್ಲೇ ಹೊರಡುತ್ತದೆ. ಮೋಟರ್ ಇದೆ ಎಂಬುದು ಮರೆತು ಇವತ್ತು ಕಾಲಿಗೆ ಒಳ್ಳೆ ಬಲ ಬಂದಿದೆ ಅನ್ನಿಸುತ್ತದೆ. ಬೆಲೆ ಕೆಲವು ಸಾವಿರ ಹೆಚ್ಚಾಗುತ್ತದೆ, ನಿಜ. ಬೇರೆ ಯಾವುದರಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಬಿಲ್ಲೆಯದನ್ನೇ ಕೊಳ್ಳುವುದಾದರೆ ಬ್ರೇಕ್ ಹಿಡಿದ ತಕ್ಷಣ ಮೋಟರ್ ನಿಲ್ಲಿಸುವ ಸ್ವಿಚ್ ಎರಡೂ ಬ್ರೇಕ್ ಹಿಡಿಗಳಲ್ಲಿ ಇದೆಯೇ, ಕೆಲಸ ಮಾಡುತ್ತದೆಯೇ ಎಂದು ಚಕ್ರ ಎತ್ತಿ ಪರೀಕ್ಷಿಸಿ.

ಹೆಜ್ಜೆ 5: ಟಯರ್, ಗೇರ್, ಬ್ರೇಕ್

ನಮ್ಮ ರಸ್ತೆಯ ಗುಂಡಿಗೆ ಸಸ್ಪೆನ್ಷನ್ ಬೇಡವೇ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ 40ರಿಂದ 50 ಮಿ.ಮೀ. ಅಗಲದ ಟಯರಿಗೆ ಹದವಾಗಿ ಗಾಳಿ ತುಂಬಿದರೆ ಸಾಕು. ಟಯರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಒತ್ತಡಕ್ಕೆ ತುಂಬಿಸಬೇಡಿ, ಅದು ಮಿತಿಯೇ ಹೊರತು ಸಲಹೆಯಲ್ಲ. ನಾನು 42 ಮಿ.ಮೀ. ಟಯರಿಗೆ ಮುಂದೆ 45, ಹಿಂದೆ 52 ಪಿಎಸ್‌ಐ ಇಡುತ್ತೇನೆ. ಹಿಂದೆ ಹೆಚ್ಚು ಯಾಕೆಂದರೆ ಮೋಟರಿನ ಭಾರ, ನಮ್ಮ ಭಾರ ಎರಡೂ ಅಲ್ಲೇ.

ಗೇರ್ ಇಲ್ಲದ ಸೈಕಲ್ ಕೊಳ್ಳುವವರು ಚೈನ್ ಚಕ್ರಗಳ ಹಲ್ಲುಗಳನ್ನು ಎಣಿಸಿ. ಮುಂದೆ 44, ಹಿಂದೆ 16 ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರ 2.75 ಸುತ್ತು ತಿರುಗಿ ಸೈಕಲ್ ಸುಮಾರು 5.8 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 21 ಕಿ.ಮೀ. ಸಮತಟ್ಟಿಗೆ ಇದು ಹೇಳಿ ಮಾಡಿಸಿದಂತಿದೆ. ಏರುಗಳಿರುವ ಊರಲ್ಲಿ 42ಕ್ಕೆ 18 ಹಾಕಿಸಿಕೊಂಡರೆ ಮಂಡಿಗೆ ಸುಖ. ಹಿಂದೆ ಏಳು ಗೇರ್ ಇರುವ ಸೈಕಲ್ಲಿನಲ್ಲಿ ಈ ಲೆಕ್ಕವೇ ಬೇಡ. ಮುಂದೆ ಮಾತ್ರ ಒಂದೇ ಚೈನ್ ಚಕ್ರ ಇರಲಿ, ಎರಡು ಮೂರು ಇದ್ದರೆ ಕೆಟ್ಟುಹೋಗುವ ಸಾಮಾನು ಹೆಚ್ಚಾಯಿತು ಅಷ್ಟೆ. ಚೈನಿನ ಬದಲು ಬೆಲ್ಟ್ ಇರುವ ಸೈಕಲ್ಲಿಗೆ ಎಣ್ಣೆ ಬೇಡ, ಪ್ಯಾಂಟಿಗೆ ಮಸಿ ಹತ್ತುವುದಿಲ್ಲ, ಕರಾವಳಿಯ ಉಪ್ಪುಗಾಳಿಗೆ ತುಕ್ಕೂ ಹಿಡಿಯುವುದಿಲ್ಲ. ಆದರೆ ತುಂಡಾದರೆ ಬೀದಿ ಕೊನೆಯ ಅಂಗಡಿಯಲ್ಲಿ ಸಿಗುವುದಿಲ್ಲ, ಚೈನ್ ಸಿಗುತ್ತದೆ.

ಬ್ರೇಕ್ ಡಿಸ್ಕ್ ಇರಲಿ, ಮಳೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 6: ಬ್ಯಾಟರಿಯನ್ನು ನಿಮ್ಮ ದಾರಿಗೆ ತಕ್ಕಂತೆ ಆರಿಸಿ

ಜಾಹೀರಾತಿನಲ್ಲಿರುವ ಕಿಲೋಮೀಟರ್ ಬದಿಗಿಡಿ. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಹಿಡಿಯುತ್ತದೆ ಎಂದು ತಿಳಿಯಲು ಅದರ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ. 36 ವೋಲ್ಟ್, 10 ಆಂಪಿಯರ್-ಅವರ್ ಆದರೆ 360 ವ್ಯಾಟ್-ಅವರ್. ಹದವಾಗಿ ತುಳಿಯುತ್ತ ಮೋಟರಿನ ನೆರವು ಪಡೆದರೆ ಕಿಲೋಮೀಟರಿಗೆ 10ರಿಂದ 12 ವ್ಯಾಟ್-ಅವರ್ ಖರ್ಚು, ಅಂದರೆ 30 ಕಿ.ಮೀ. ಆರಾಮಾಗಿ ಬರುತ್ತದೆ. ತುಳಿಯದೆ ಸ್ಕೂಟರಿನಂತೆ ಬರೀ ಥ್ರಾಟಲ್ (ಹಿಡಿಯಲ್ಲಿನ ಆಕ್ಸಿಲರೇಟರ್) ತಿರುವಿದರೆ ಅದರ ಅರ್ಧಕ್ಕೆ ಹತ್ತಿರ. ಒಮ್ಮೆ ಪೂರ್ತಿ ತುಂಬಿಸಲು ಅರ್ಧ ಯೂನಿಟ್ ಕರೆಂಟೂ ಬೇಕಿಲ್ಲ.

ದಿನಕ್ಕೆ 18 ಕಿ.ಮೀ. ಓಡಾಡುವವರಿಗೆ ಇದು ಸಾಕು. ಇಂಥ ಬ್ಯಾಟರಿ ಎರಡು ಕೆ.ಜಿ. ಆಸುಪಾಸು, ಬ್ಯಾಗಿನಲ್ಲಿ ಹಿಡಿಯುತ್ತದೆ. ಇರಲಿ ಎಂದು ಇಮ್ಮಡಿ ದೊಡ್ಡದು ಕೊಂಡರೆ ಆ ಹೆಚ್ಚುವರಿ ಭಾರವನ್ನು ಬೇಡದ ದಿನವೂ ಹೊರುತ್ತೀರಿ.

ಚಾರ್ಜ್ ಮಾಡುವಾಗ ಕೆಲವು ಕಟ್ಟುನಿಟ್ಟು ಬೇಕು. ಸೈಕಲ್ ಜೊತೆ ಬಂದ ಚಾರ್ಜರನ್ನೇ ಬಳಸಿ. ಸವಾರಿ ಮುಗಿಸಿ ಬಂದ ಕೂಡಲೇ ಹಾಕಬೇಡಿ, ಅರ್ಧ ಗಂಟೆ ತಣಿಯಲಿ. ಮಲಗಿದಾಗ ಚಾರ್ಜಿಗೆ ಹಾಕಬೇಡಿ. ಮನೆಯ ಬಾಗಿಲ ಹತ್ತಿರ, ಹೊರಗೆ ಓಡುವ ದಾರಿಯಲ್ಲಿ ಎಂದೂ ಬೇಡ. 2 ಆಂಪಿಯರ್ ಚಾರ್ಜರಿನಲ್ಲಿ ಐದು ಗಂಟೆ ಹಿಡಿಯುತ್ತದೆ, ಸಂಜೆ ಹಾಕಿದರೆ ಮಲಗುವ ಮುನ್ನ ಮುಗಿದಿರುತ್ತದೆ. ಊರಿಗೆ ಹೋಗಿ ತಿಂಗಳು ಇರುವುದಾದರೆ ಅರ್ಧ ಚಾರ್ಜಿನಲ್ಲಿಟ್ಟು ಹೋಗಿ. ಕೆಳಗೆ ಬಿದ್ದು ಜಖಂ ಆದ ಅಥವಾ ಉಬ್ಬಿದ ಬ್ಯಾಟರಿಯನ್ನು ಮತ್ತೆ ಪ್ಲಗ್ಗಿಗೆ ಚುಚ್ಚಬೇಡಿ.

ಹೆಜ್ಜೆ 7: ಫೋನ್ ಇಲ್ಲದೆ ಸೈಕಲ್ ಹೊರಡುತ್ತದೆಯೇ ಕೇಳಿ

ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಮೂಫ್ ಎಂಬ ಕಂಪನಿಯ ಸೈಕಲ್ಲುಗಳು ಜಗತ್ತಿನಾದ್ಯಂತ ಹೆಸರು ಮಾಡಿದ್ದವು. ಬೀಗ, ದೀಪ, ಗೇರ್ ಎಲ್ಲವೂ ಎಲೆಕ್ಟ್ರಾನಿಕ್, ನಿಯಂತ್ರಣ ಫೋನಿನ ಆ್ಯಪಿನಲ್ಲಿ. 2023ರ ಜುಲೈನಲ್ಲಿ ಕಂಪನಿ ದಿವಾಳಿಯಾದಾಗ ಸರ್ವರ್ ನಿಂತರೆ ಸೈಕಲ್ಲೂ ನಿಲ್ಲುತ್ತದೆಯೇ ಎಂದು ಸವಾರರು ಗಾಬರಿಯಾದರು. ಆಗ ಪ್ರತಿಸ್ಪರ್ಧಿ ಕೌಬಾಯ್ ಕಂಪನಿಯವರೇ, ಸವಾರರು ತಮ್ಮ ಸೈಕಲ್ಲಿನ ಡಿಜಿಟಲ್ ಕೀ ತೆಗೆದಿಟ್ಟುಕೊಳ್ಳಲು ಒಂದು ಆ್ಯಪ್ ಮಾಡಿಕೊಟ್ಟರು. ವ್ಯಾನ್‌ಮೂಫನ್ನು ಆಮೇಲೆ ಬೇರೊಂದು ಕಂಪನಿ ಕೊಂಡಿತು.

ಆದ್ದರಿಂದ ಒಂದು ಸ್ವಿಚ್ಚು, ನಾಲ್ಕೈದು ದೀಪದ ಚಾರ್ಜ್ ಸೂಚಕ, ನೆರವು ಹೆಚ್ಚು ಕಡಿಮೆ ಮಾಡುವ ಎರಡು ಗುಂಡಿ ಇದ್ದರೆ ಸಾಕು. ಕಂಟ್ರೋಲರ್ ಕೆಟ್ಟರೆ ಬೇರೆ ಕಂಪನಿಯದು ಹೊಂದುತ್ತದೆಯೇ ಎಂದೂ ಕೇಳಿ.

ಹೆಜ್ಜೆ 8: ಕಾನೂನಿನ ಮಿತಿಯೊಳಗಿರಿ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಗಿಂತ ಹೆಚ್ಚದ ಬ್ಯಾಟರಿ ವಾಹನ ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿ, ಲೈಸೆನ್ಸ್ ಬೇಡ. ಇದಕ್ಕೆ ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇರಬೇಕು. ಪ್ರತಿ ಕೇಳಿ ಇಟ್ಟುಕೊಳ್ಳಿ. ವೇಗದ ಮಿತಿ ತೆಗೆದುಕೊಡುತ್ತೇವೆ ಎನ್ನುವ ಅಂಗಡಿಗೆ ಬೇಡ ಎನ್ನಿ. ಮಿತಿ ದಾಟಿದರೆ ಅದು ನೋಂದಣಿಯಿಲ್ಲದ ಮೋಟಾರು ವಾಹನ, ಅಪಘಾತವಾದರೆ ಬೆನ್ನಿಗೆ ವಿಮೆಯೂ ಇರುವುದಿಲ್ಲ. ಕಾನೂನು ಕೇಳದಿದ್ದರೂ ಹೆಲ್ಮೆಟ್ ಹಾಕಿ.

ಹೆಜ್ಜೆ 9: ಪಂಕ್ಚರ್ ಅಂಗಡಿಯವರ ಪರಿಚಯ ಮಾಡಿಕೊಳ್ಳಿ

ಹಿಂದಿನ ಚಕ್ರದಲ್ಲಿ ಮೋಟರ್ ಇರುವ ಸೈಕಲ್ಲಿನ ನಿಜವಾದ ತೊಡಕು ಹಿಂದಿನ ಟಯರ್ ಪಂಕ್ಚರ್. ಮೊದಲ ಸಲ ಆದಾಗ ನಾನು ವೈರು ಬಿಡಿಸಿ, ನಟ್ಟು ಸಡಿಲಿಸಲು ಹೊರಟಿದ್ದೆ. ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ಹಿರಿಯರು ತಡೆದರು. “ಚಕ್ರ ಯಾಕ್ ಬಿಚ್ತೀರ ಸಾರ್? ಟ್ಯೂಬ್ ಒಂದ್ ಕಡೆಯಿಂದ ಎಳ್ಕೊಂಡ್ರೆ ಆಯ್ತು.” ಸೈಕಲ್ ಬುಡಮೇಲು ಮಾಡಿ, ಟಯರಿನ ಒಂದೇ ಅಂಚು ರಿಮ್ಮಿನಿಂದ ಬಿಡಿಸಿ, ಟ್ಯೂಬನ್ನು ಹೊರಗೆಳೆದು ಸ್ವಲ್ಪ ಗಾಳಿ ಹಾಕಿ, ತಗಡಿನ ತೊಟ್ಟಿಯ ನೀರಿನಲ್ಲಿ ಗೇಣುಗೇಣಾಗಿ ಮುಳುಗಿಸಿದರು. ಗುಳ್ಳೆ ಬಂದ ಕಡೆ ಒರೆಸಿ ಪ್ಯಾಚ್ ಹಾಕಿದರು. ಹತ್ತು ನಿಮಿಷ. “ಮುಳ್ಳು ಟಯರ್‌ನಲ್ಲೇ ಉಳ್ದಿರತ್ತೆ, ಒಳಗೆ ಕೈಯಾಡಿಸಿ ನೋಡಿ” ಎಂದು ನನ್ನಿಂದಲೇ ಹುಡುಕಿಸಿದರು. ಸಣ್ಣ ತಂತಿ ಚೂರು ಸಿಕ್ಕಿತು. ಚಕ್ರ ಬಿಚ್ಚಬೇಕಾದದ್ದು ಟ್ಯೂಬ್ ಅಥವಾ ಟಯರ್ ಬದಲಿಸುವಾಗ ಮಾತ್ರ.

ಆ ದಿನಕ್ಕೆಂದು ನಟ್ಟಿನ ಅಳತೆಯ ಸ್ಪ್ಯಾನರ್ ಬ್ಯಾಗಿನಲ್ಲಿರಲಿ. ಹಬ್ ಮೋಟರಿಗೆ ಹೆಚ್ಚಾಗಿ 18 ಮಿ.ಮೀ. ಬಿಚ್ಚುವ ಮೊದಲು ಎರಡೂ ಕಡೆ ವಾಷರ್ ಯಾವ ಕ್ರಮದಲ್ಲಿವೆ ಎಂದು ಫೋಟೊ ತೆಗೆದುಕೊಳ್ಳಿ. ಹಲ್ಲಿನ ವಾಷರ್ ತಪ್ಪಿ ಕೂತರೆ ಮೋಟರಿನ ಅಚ್ಚೇ ತಿರುಗಿ ವೈರು ಕತ್ತರಿಸುತ್ತದೆ. ಕಿಟ್ ಹಾಕಿಸುವವರು ಈ ಅಚ್ಚನ್ನು ಫ್ರೇಮಿಗೆ ಬಿಗಿಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಇಲ್ಲದೆ ಅಂಗಡಿ ಬಿಟ್ಟು ಹೊರಡಬೇಡಿ. ಅಲ್ಯೂಮಿನಿಯಂ ಫ್ರೇಮಾದರೆ ಇದು ಕಡ್ಡಾಯ ಎಂದೇ ತಿಳಿಯಿರಿ.

ಮೊದಲ ತಿಂಗಳು

ಮಳೆಯಲ್ಲಿ ಓಡಿಸಬಹುದು. ನೀರಿನ ಪೈಪು ಹಿಡಿದು ಜೋರಾಗಿ ತೊಳೆಯುವುದು ಬೇಡ, ಒದ್ದೆ ಬಟ್ಟೆ ಸಾಕು. ಕಂಟ್ರೋಲರಿಗೆ ಸೇರುವ ವೈರುಗಳು ಒಮ್ಮೆ ಕೆಳಗೆ ಬಾಗಿ ಆಮೇಲೆ ಮೇಲೆ ಹೋಗಿ ಸೇರುವಂತೆ ಕಟ್ಟಿ. ವೈರಿನ ಮೇಲೆ ಹರಿದು ಬಂದ ನೀರು ಬಾಗಿದ ಕಡೆ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಇಳಿಯುವುದಿಲ್ಲ. ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಎಂದು ಲೆಕ್ಕ ಇಟ್ಟುಕೊಂಡು ಚೈನಿಗೆ ಎಣ್ಣೆ ಹಾಕಿ ಒರೆಸಿ.

ಇನ್ನು ಹಿಂದಿನ ಚಕ್ರದ ಕಡ್ಡಿಗಳು. ಮೋಟರಿನ ಭಾರ, ಎಳೆತ ಎರಡನ್ನೂ ಹೊರುವುದು ಅವೇ, ಹೊಸ ಚಕ್ರದಲ್ಲಿ ಬೇಗ ಸಡಿಲಾಗುತ್ತವೆ. ಸುಮಾರು 200 ಕಿ.ಮೀ. ಆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಬುಡಮೇಲು ಮಾಡಿ, ಕಡ್ಡಿಗಳನ್ನು ಎರಡೆರಡಾಗಿ ಬೆರಳಲ್ಲಿ ಹಿಸುಕುತ್ತ ಒಂದು ಸುತ್ತು ಬನ್ನಿ. ಎಲ್ಲವೂ ಒಂದೇ ಬಿಗಿಯಲ್ಲಿದ್ದರೆ ಸರಿ. ಒಂದು ಜೋಡಿ ಮೆತ್ತಗೆ ಬಗ್ಗಿದರೆ ಅಲ್ಲಿ ರಿಮ್ಮಿಗೆ ಸೀಮೆಸುಣ್ಣದ ಗುರುತು ಹಾಕಿ, ಅದೇ ವಾರ ಬೆಂಡು ತೆಗೆಯುವವರ ಬಳಿ ಬಿಗಿ ಮಾಡಿಸಿ.